ವಿದ್ಯುತ್ ವಾಹನದ ಬೆಂಕಿ: ಆರಿಸುವ ಖರ್ಚು ಯಾರ ಲೆಕ್ಕಕ್ಕೆ?



ಐದಾರು ವರ್ಷಗಳ ಹಿಂದೆ ನಮ್ಮ ಸಂಘದ ಅಂಗಳಕ್ಕೆ ಬ್ಯಾಟರಿ ಗಾಡಿಯೊಂದು ಬಂದು ನಿಂತರೆ ಗೊಬ್ಬರ ಎತ್ತಲು ಬಂದವರೆಲ್ಲ ಕೆಲಸ ಬಿಟ್ಟು ಸುತ್ತ ನೆರೆಯುತ್ತಿದ್ದರು. ಈಗ ಯಾರೂ ತಲೆಯೆತ್ತಿ ನೋಡುವುದಿಲ್ಲ. ಸದಸ್ಯರ ಮಕ್ಕಳು ಕಾಲೇಜಿಗೆ ಹೋಗುವುದು ಬ್ಯಾಟರಿ ಸ್ಕೂಟರಿನಲ್ಲಿ. ಪೇಟೆಯಿಂದ ಸಾಮಾನು ತರುವ ಆಟೋಗಳಲ್ಲಿಯೂ ಕೆಲವು ಬ್ಯಾಟರಿಯವು. ರಾಜ್ಯ ರಸ್ತೆ ಸಾರಿಗೆ ನಿಗಮವು 2023ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ವಿದ್ಯುತ್ ಬಸ್ಸು ಓಡಿಸಲು ಆರಂಭಿಸಿ, ಮುಂದೆ ಮಡಿಕೇರಿ, ಚಿಕ್ಕಮಗಳೂರು, ಶಿವಮೊಗ್ಗಗಳಿಗೂ ವಿಸ್ತರಿಸಿತು. ಅಂದರೆ ಕಾಫಿ ಸೀಮೆಯ ರಸ್ತೆಗಳಿಗೆ ಈ ವಾಹನಗಳು ಬಂದು ಆಗಿದೆ.

ಹೀಗಿರುವಲ್ಲಿ, ಇಂತಹ ವಾಹನಕ್ಕೆ ಬೆಂಕಿ ಬಿದ್ದರೆ ಆರಿಸುವವರು ಯಾರು, ಅವರ ಕೈಗೆ ಬೇಕಾದ ಸಾಮಗ್ರಿ ಕೊಡುವ ಹಣ ಎಲ್ಲಿಂದ ಬರಬೇಕು ಎಂದು ಕಳೆದ ಮಹಾಸಭೆಯಲ್ಲಿ ಸದಸ್ಯರೊಬ್ಬರು ಕೇಳಿದ್ದರು. ವಂದನಾರ್ಪಣೆಯ ಹೊತ್ತಿನಲ್ಲಿ ಬಂದ ಪ್ರಶ್ನೆ. ಉತ್ತರ ಎರಡು ಮಾತಿನಲ್ಲಿ ಮುಗಿಯುವಂಥದಲ್ಲ. ಆದ್ದರಿಂದ ಈ ಲೇಖನ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವಿದ್ಯುತ್ ವಾಹನವೆಂದರೆ ಉರಿಯುವ ಕೊಳ್ಳಿ ಎಂಬ ಭಯ ಬೇಡ. ಸ್ವೀಡನ್ ದೇಶದ ನಾಗರಿಕ ರಕ್ಷಣಾ ಇಲಾಖೆಯು 2022ರ ಲೆಕ್ಕವನ್ನು ಪ್ರಕಟಿಸಿತ್ತು. ಆ ವರ್ಷ ಅಲ್ಲಿ ಸುಮಾರು 6,11,000 ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳ ಪೈಕಿ ಬೆಂಕಿ ಬಿದ್ದದ್ದು 23ಕ್ಕೆ. ಸುಮಾರು 44 ಲಕ್ಷ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಪೈಕಿ 3,400ಕ್ಕೆ. ಪೆಟ್ರೋಲ್ ಗಾಡಿಗಳಲ್ಲಿ ಹಳೆಯವು ಹೆಚ್ಚು, ವಿದ್ಯುತ್ ಗಾಡಿಗಳೆಲ್ಲ ಹೊಸವು, ಆದ್ದರಿಂದ ಈ ಹೋಲಿಕೆ ಸರಿಸಮನಾದದ್ದಲ್ಲ ಎಂದು ಬೇಕಾದರೆ ವಾದಿಸಬಹುದು. ಆದರೂ ಅಂತರ ಸಣ್ಣದಲ್ಲ. ತೊಂದರೆ ಇರುವುದು ಬೆಂಕಿಯ ಸಂಖ್ಯೆಯಲ್ಲಲ್ಲ, ಅದರ ಸ್ವಭಾವದಲ್ಲಿ.

ನಮ್ಮ ದೇಶದಲ್ಲಿ ಈ ವಿಚಾರ ಎಲ್ಲರ ಬಾಯಿಗೆ ಬಂದದ್ದು 2022ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಹತ್ತಿ, ಹೊಗೆಯಿಂದ ಉಸಿರುಗಟ್ಟಿ ತಂದೆ ಮಗಳಿಬ್ಬರೂ ತೀರಿಕೊಂಡರು. ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಕೆಳಗೆ ವಿದ್ಯುತ್ ಸ್ಕೂಟರುಗಳ ಮಾರಾಟ ಮಳಿಗೆ, ಮೇಲೆ ವಸತಿಗೃಹ ಇದ್ದ ಕಟ್ಟಡದಲ್ಲಿ ಹೊಗೆ ಮೇಲೇರಿ ಎಂಟು ಜನ ಸತ್ತರು. ನಮ್ಮದೇ ಬೆಂಗಳೂರಿನ ರಾಜಾಜಿನಗರದಲ್ಲಿ 2024ರ ನವೆಂಬರಿನಲ್ಲಿ ಸ್ಕೂಟರ್ ಮಳಿಗೆಯೊಂದಕ್ಕೆ ಬೆಂಕಿ ಬಿದ್ದು ಅಲ್ಲಿ ಕೆಲಸಕ್ಕಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಈ ಮೂರರಲ್ಲಿಯೂ ವಾಹನ ರಸ್ತೆಯ ಮೇಲೆ ಓಡುತ್ತಿರಲಿಲ್ಲ, ಕಟ್ಟಡದೊಳಗೆ ನಿಂತಿತ್ತು ಎಂಬುದನ್ನು ಗಮನಿಸಬೇಕು.

ಬೆಂಕಿಯ ಸ್ವಭಾವ

ಪೆಟ್ರೋಲಿನ ಬೆಂಕಿಗೆ ಹೊರಗಿನ ಗಾಳಿ ಬೇಕು. ಗಾಳಿ ತಡೆದರೆ ಆರುತ್ತದೆ. ಲಿಥಿಯಂ ಬ್ಯಾಟರಿಯ ಕಥೆ ಬೇರೆ. ಒಂದು ಪೆಟ್ಟಿಗೆಯೊಳಗೆ ನೂರಾರು, ಕೆಲವು ಕಾರುಗಳಲ್ಲಿ ಸಾವಿರಾರು, ಸಣ್ಣ ಸಣ್ಣ ಕೋಶಗಳನ್ನು ಒತ್ತಾಗಿ ಜೋಡಿಸಿರುತ್ತಾರೆ. ಪೆಟ್ಟು ಬಿದ್ದೋ, ತಯಾರಿಕೆಯ ದೋಷದಿಂದಲೋ, ಮಿತಿಮೀರಿ ಚಾರ್ಜ್ ಮಾಡಿದ್ದರಿಂದಲೋ ಒಂದು ಕೋಶದ ಒಳಗಿನ ತೆಳು ಪರದೆ ಹಾಳಾದರೆ ಅದು ತಾನೇ ಕಾಯತೊಡಗುತ್ತದೆ. ಕಾದಷ್ಟೂ ಒಳಗಿನ ರಾಸಾಯನಿಕ ಕ್ರಿಯೆ ಜೋರಾಗುತ್ತದೆ, ಜೋರಾದಷ್ಟೂ ಇನ್ನಷ್ಟು ಕಾಯುತ್ತದೆ. ಆ ಬಿಸಿ ಪಕ್ಕದ ಕೋಶಕ್ಕೆ, ಅಲ್ಲಿಂದ ಮುಂದಿನದಕ್ಕೆ. ಸರಿಯಾಗಿ ಒಣಗದ ಚೆರ್ರಿಯನ್ನು ಗೋಣಿಗೆ ತುಂಬಿ ಒಟ್ಟಿದರೆ ಒಳಗೊಳಗೇ ಬಿಸಿಯೇಳುವುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ದಿನಗಟ್ಟಲೆ ಆಗುವುದು ಇಲ್ಲಿ ಕ್ಷಣಗಳಲ್ಲಿ ಆಗುತ್ತದೆ ಎಂದು ತಿಳಿದರೆ ಸಾಕು.

ಕೋಶ ಕಾದಾಗ ಜಲಜನಕ, ಇಂಗಾಲದ ಮಾನಾಕ್ಸೈಡ್ ಮೊದಲಾದ ಉರಿಯುವ ಅನಿಲಗಳೂ, ಹೈಡ್ರೋಜನ್ ಫ್ಲೋರೈಡ್ ಎಂಬ ಘೋರ ವಿಷಾನಿಲವೂ ಹೊರಬರುತ್ತವೆ. ಕೆಲವು ಜಾತಿಯ ಬ್ಯಾಟರಿಗಳಲ್ಲಿ ಒಳಗಿನ ಪದಾರ್ಥವೇ ಆಮ್ಲಜನಕವನ್ನೂ ಬಿಡುವುದರಿಂದ ಹೊರಗಿನ ಗಾಳಿ ತಡೆದು ಪ್ರಯೋಜನವಾಗದು. ಕಬ್ಬಿಣ ಮತ್ತು ಫಾಸ್ಫೇಟ್ ಬಳಸಿದ ಬ್ಯಾಟರಿಗಳು ಹೋಲಿಕೆಯಲ್ಲಿ ಶಾಂತ ಸ್ವಭಾವದವು. ಪುಡಿ ಚಿಮ್ಮುವ ಸಿಲಿಂಡರು ಜ್ವಾಲೆಯನ್ನು ಅಡಗಿಸಬಹುದು, ಒಳಗಿನ ಕಾವನ್ನು ತಗ್ಗಿಸಲಾರದು. ಕಾವು ತಗ್ಗಿಸುವುದು ನೀರು, ಅದೂ ಧಾರಾಳ ನೀರು. ಆರಿತೆಂದು ಬಿಟ್ಟುಬಂದ ಗಾಡಿ ಕೆಲವು ಗಂಟೆಗಳ ನಂತರ, ಒಮ್ಮೊಮ್ಮೆ ದಿನಗಳ ನಂತರ, ಮತ್ತೆ ಹೊತ್ತಿಕೊಂಡದ್ದುಂಟು. ಆದಕಾರಣ ಸುಟ್ಟ ಗಾಡಿಯನ್ನು ಬೇರೆ ವಾಹನ ಮತ್ತು ಕಟ್ಟಡಗಳಿಂದ 50 ಅಡಿ ದೂರದಲ್ಲಿ ಪ್ರತ್ಯೇಕವಾಗಿ ಇಡಬೇಕೆಂದು ಅಮೆರಿಕದವರು ಸಲಹೆ ಮಾಡಿದ್ದಾರೆ.

ಧಾರಾಳ ನೀರು ಎಂದರೆ ಎಷ್ಟು? 2021ರ ಏಪ್ರಿಲ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಪ್ರಿಂಗ್ ಎಂಬಲ್ಲಿ ವಿದ್ಯುತ್ ಕಾರೊಂದು ಮರಕ್ಕೆ ಗುದ್ದಿ ಹೊತ್ತಿಕೊಂಡಿತು. ದೊಡ್ಡ ಜ್ವಾಲೆ ಬೇಗನೆ ಅಡಗಿದರೂ ಬ್ಯಾಟರಿ ಮತ್ತೆ ಮತ್ತೆ ಕಾಯುತ್ತಿದ್ದುದರಿಂದ ಎಂಟು ಮಂದಿ ಏಳು ಗಂಟೆ ಕಾಲ ನಿಂತು ನೀರು ಹಾಯಿಸಬೇಕಾಯಿತು. ಖರ್ಚಾದ ನೀರು ಸುಮಾರು 28,000 ಅಮೆರಿಕನ್ ಗ್ಯಾಲನ್. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಒಂದು ಎಕರೆ ರೊಬಸ್ಟಾಕ್ಕೆ ಒಂದು ಇಂಚು ಹೂಮಳೆ ಕೊಡಲು ಬೇಕಾಗುವುದೂ ಸುಮಾರು ಒಂದು ಲಕ್ಷ ಲೀಟರೇ. ಒಂದು ಕಾರಿಗೆ ಒಂದು ಎಕರೆಯ ಹೂಮಳೆ! 2024ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಗುಡ್ಡಗಾಡಿನ ಹೆದ್ದಾರಿಯಲ್ಲಿ ವಿದ್ಯುತ್ ಲಾರಿಯೊಂದು ರಸ್ತೆ ಬಿಟ್ಟಿಳಿದು ಉರಿದಾಗ ಬೇಕಾದದ್ದು ಸುಮಾರು 50,000 ಗ್ಯಾಲನ್, ಅಂದರೆ ಹತ್ತಿರ ಹತ್ತಿರ ಎರಡು ಎಕರೆಯದು. ಕಾಡಿಗೆ ಬೆಂಕಿ ಹಬ್ಬದಿರಲೆಂದು ವಿಮಾನದಿಂದ ಔಷಧವನ್ನೂ ಸುರಿದರು. ಹೆದ್ದಾರಿ ಹದಿನಾಲ್ಕು ಹದಿನೈದು ಗಂಟೆ ಬಂದ್ ಆಗಿತ್ತು. ನಮ್ಮ ಘಾಟಿ ರಸ್ತೆಗಳ ತಿರುವುಗಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಎಲ್ಲ ಬೆಂಕಿಗೂ ಇಷ್ಟು ನೀರು ಬೇಕೆಂದಲ್ಲ. ಸ್ಕೂಟರಿನ ಬ್ಯಾಟರಿ ಕಾರಿನದಕ್ಕಿಂತ ಬಹಳ ಚಿಕ್ಕದು. ಆದರೆ ನಮ್ಮ ಅಗ್ನಿಶಾಮಕ ದಳದ ಸಾಮಾನ್ಯ ನೀರಿನ ವಾಹನದಲ್ಲಿ ಹಿಡಿಯುವುದು ಸುಮಾರು 4,500 ಲೀಟರು. ಟೆಕ್ಸಾಸಿನ ಆ ಕಾರಿನ ಲೆಕ್ಕಕ್ಕೆ ಅದು ಇಪ್ಪತ್ತನಾಲ್ಕು ಸಲ ತುಂಬಿಸಿಕೊಂಡು ಬರಬೇಕು. ನಗರದಲ್ಲಾದರೆ ಟ್ಯಾಂಕರು ಕರೆಸಬಹುದು. ತಾಲ್ಲೂಕು ಕೇಂದ್ರದಿಂದ ಮೂವತ್ತು ಕಿಲೋಮೀಟರ್ ದೂರದ ಎಸ್ಟೇಟ್ ರಸ್ತೆಯಲ್ಲಿ ಏನು ಗತಿ? ಗ್ರಾಮೀಣ ಪ್ರದೇಶವನ್ನು ಅಗ್ನಿಶಾಮಕ ವಾಹನ 20 ನಿಮಿಷದಲ್ಲಿ ತಲುಪಬೇಕೆಂದು ಕೇಂದ್ರದ ಅಗ್ನಿ ಸಲಹಾ ಮಂಡಳಿಯ ಮಾನದಂಡ. ಮಳೆಗಾಲದ ನಮ್ಮ ರಸ್ತೆಯಲ್ಲಿ 20 ನಿಮಿಷಕ್ಕೆ ಎಷ್ಟು ದೂರ ಹೋಗಬಹುದೆಂದು ಮಾನದಂಡ ಬರೆದವರು ಒಮ್ಮೆ ಬಂದು ನೋಡಬಹುದಾಗಿತ್ತು.

ಹಣದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ವಿದ್ಯುತ್ ವಾಹನಗಳು ಇಷ್ಟು ಬೇಗ ಹೆಚ್ಚಿದ್ದು ಜನರ ಉತ್ಸಾಹವೊಂದರಿಂದಲೇ ಅಲ್ಲ, ಸರ್ಕಾರದ ಹಣದಿಂದಲೂ ಹೌದು. ಕೇಂದ್ರ ಸರ್ಕಾರದ ಫೇಮ್ ಎರಡನೇ ಹಂತದ ಯೋಜನೆ 2019ರ ಏಪ್ರಿಲ್‌ನಲ್ಲಿ 10,000 ಕೋಟಿ ರೂಪಾಯಿಗಳಿಂದ ಆರಂಭವಾಗಿ, 11,500 ಕೋಟಿಗೆ ಏರಿ, 2024ರ ಮಾರ್ಚ್ ಅಂತ್ಯಕ್ಕೆ ಮುಗಿಯಿತು. ಅದರ ನಂತರ 2024ರ ಸೆಪ್ಟೆಂಬರಿನಲ್ಲಿ ಪಿಎಂ ಇ-ಡ್ರೈವ್ ಎಂಬ 10,900 ಕೋಟಿಯ ಯೋಜನೆ ಬಂದಿತು. ಇದರಲ್ಲಿ ದ್ವಿಚಕ್ರ, ತ್ರಿಚಕ್ರ, ಆಂಬುಲೆನ್ಸ್ ಮತ್ತು ಲಾರಿಗಳ ಸಹಾಯಧನಕ್ಕೆ 3,679 ಕೋಟಿ, ಬಸ್ಸುಗಳಿಗೆ 4,391 ಕೋಟಿ, ಚಾರ್ಜ್ ಮಾಡುವ ಕೇಂದ್ರಗಳಿಗೆ 2,000 ಕೋಟಿ, ವಾಹನ ಪರೀಕ್ಷಿಸುವ ಸಂಸ್ಥೆಗಳನ್ನು ಉತ್ತಮಪಡಿಸಲು 780 ಕೋಟಿ ಎಂದು ಹಂಚಿದ್ದರು. ಕರ್ನಾಟಕವಂತೂ 2017ರಲ್ಲಿಯೇ ವಿದ್ಯುತ್ ವಾಹನ ನೀತಿಯನ್ನು ತಂದ ಮೊದಲ ರಾಜ್ಯ. ರಸ್ತೆ ತೆರಿಗೆಯ ವಿನಾಯಿತಿಯನ್ನೂ ಕೊಟ್ಟಿತ್ತು.

ಈ ಪಟ್ಟಿಯನ್ನು ಮತ್ತೊಮ್ಮೆ ಓದಿರಿ. ವಾಹನ ಕೊಳ್ಳಲು ಹಣವಿದೆ, ಚಾರ್ಜ್ ಮಾಡಲು ಹಣವಿದೆ, ಪರೀಕ್ಷಿಸಲು ಹಣವಿದೆ. ಹೊತ್ತಿಕೊಂಡರೆ ಆರಿಸಲು ಪ್ರತ್ಯೇಕ ಬಾಬ್ತು ಇಲ್ಲ. ಔಷಧಿ ಹೊಡೆಯುವ ಯಂತ್ರಕ್ಕೆ ಸಹಾಯಧನ ಕೊಟ್ಟು, ಹೊಡೆಯುವವನ ಮುಖಗವಸು ಅವನವನ ಖರ್ಚು ಎಂದ ಹಾಗೆ.

ಪರೀಕ್ಷೆಗೆ ಇಟ್ಟ ಹಣವನ್ನು ನಾನು ಹೀಗಳೆಯುವುದಿಲ್ಲ. ಬೆಂಕಿ ಏಳದಂತೆ ನೋಡಿಕೊಳ್ಳುವ ಖರ್ಚೇ ಎಲ್ಲಕ್ಕಿಂತ ಸಾರ್ಥಕವಾದ ಖರ್ಚು. 2022ರ ಅನಾಹುತಗಳ ನಂತರ ರಕ್ಷಣಾ ಸಂಶೋಧನಾ ಸಂಸ್ಥೆಯ ಅಗ್ನಿ ಮತ್ತು ಸ್ಫೋಟಕ ಸುರಕ್ಷತಾ ಕೇಂದ್ರದಿಂದ ತನಿಖೆ ಮಾಡಿಸಲಾಯಿತು. ಬ್ಯಾಟರಿ ಪೆಟ್ಟಿಗೆಗಳಲ್ಲಿ ದೋಷಗಳು ಹೊರಬಿದ್ದವು. ಎರಡು ಮತ್ತು ಮೂರು ಚಕ್ರದ ವಾಹನಗಳಿಗೆ ಅನ್ವಯಿಸುವ ಎಐಎಸ್-156 ಎಂಬ ಮಾನಕವನ್ನು ಬಿಗಿಗೊಳಿಸಿ 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ತಂದರು. ಒಳ್ಳೆಯ ಕೆಲಸ. ಆದರೆ ಅದಕ್ಕೆ ಮೊದಲು ಮಾರಾಟವಾದ ಗಾಡಿಗಳು ಇನ್ನೂ ನಮ್ಮ ಮನೆಗಳ ಜಗಲಿಯಲ್ಲಿವೆ. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್ ಮೋಟಾರಿನ ಪುಟ್ಟ ಗಾಡಿಗಳಿಗೆ ನೋಂದಣಿಯೇ ಬೇಡವೆಂದ ಮೇಲೆ ಅವುಗಳ ಹಿಂದೆ ಯಾರು ಹೋಗುತ್ತಾರೆ?

ಇನ್ನು ಅಗ್ನಿಶಾಮಕ ಸೇವೆಯ ಹಣ. ಸಂವಿಧಾನದ 12ನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆ ಪೌರಸಂಸ್ಥೆಗಳ ಕಾರ್ಯಗಳ ಪಟ್ಟಿಯಲ್ಲಿದೆ. ನಮ್ಮ ರಾಜ್ಯದಲ್ಲಿ 1964ರ ಕಾಯಿದೆಯ ಅನ್ವಯ ರಾಜ್ಯದ ಇಲಾಖೆಯೇ ಅದನ್ನು ನಡೆಸುತ್ತದೆ. ಅಂದರೆ ವಾಹನ ಹೆಚ್ಚಿಸುವ ಹಣದ ದೊಡ್ಡ ಪಾಲು ದೆಹಲಿಯದು, ಬೆಂಕಿಯ ಹೊಣೆ ಬೆಂಗಳೂರಿನದು. ಈ ಎರಡರ ನಡುವೆ ಒಂದು ಸೇತುವೆ ಬಿದ್ದದ್ದು 2023ರ ಜುಲೈ 4ರಂದು. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ಗೃಹ ಮಂತ್ರಾಲಯವು ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆ 5,000 ಕೋಟಿ ರೂಪಾಯಿಗಳ ಯೋಜನೆಯನ್ನು ಅಂದು ಆರಂಭಿಸಿತು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳು ಶೇ. 10, ನಮ್ಮಂಥ ಉಳಿದ ರಾಜ್ಯಗಳು ಶೇ. 25 ಪಾಲು ಹಾಕಬೇಕು. ಕಾನೂನು ಮತ್ತು ವ್ಯವಸ್ಥೆಯ ಸುಧಾರಣೆ ಮಾಡಿದ ರಾಜ್ಯಗಳಿಗೆ ಪ್ರೋತ್ಸಾಹವಾಗಿ 500 ಕೋಟಿಯನ್ನು ತೆಗೆದಿಟ್ಟರು.

ದೊಡ್ಡ ಮೊತ್ತವೇ, ಸಂದೇಹವಿಲ್ಲ. ಆದರೆ ಇದು ಇಡೀ ದೇಶದ ಎಲ್ಲ ಬಗೆಯ ಬೆಂಕಿಗೆ, ಹಲವು ವರ್ಷಗಳಿಗೆ. ಆಸ್ಪತ್ರೆ, ಕಾರ್ಖಾನೆ, ಬಹುಮಹಡಿ ಕಟ್ಟಡ ಇವೆಲ್ಲ ಇದರಲ್ಲೇ ಪಾಲುದಾರರು. ಹಾಗೆ ನೋಡಿದರೆ ಪಿಎಂ ಇ-ಡ್ರೈವ್‌ನ ನೂರಕ್ಕೆ ಒಂದು ರೂಪಾಯಿಯನ್ನು ಬೆಂಕಿಯ ಬಾಬ್ತಿಗೆ ತೆಗೆದಿಟ್ಟಿದ್ದರೂ 109 ಕೋಟಿ ಆಗುತ್ತಿತ್ತು. ಯಾವ ವಸ್ತುವನ್ನು ಸರ್ಕಾರವೇ ಹಣ ಕೊಟ್ಟು ಮನೆಮನೆಗೆ ತಲುಪಿಸುತ್ತದೆಯೋ ಅದರ ಅಪಾಯದ ಖರ್ಚನ್ನೂ ಅದೇ ಲೆಕ್ಕದಲ್ಲಿ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ರಾಜ್ಯದ ಮಟ್ಟದಲ್ಲಿಯೂ ದಾರಿಯಿತ್ತು. 2024ರಲ್ಲಿ ಕರ್ನಾಟಕವು 25 ಲಕ್ಷ ರೂಪಾಯಿಗೆ ಮೇಲ್ಪಟ್ಟ ಬೆಲೆಯ ವಿದ್ಯುತ್ ವಾಹನಗಳ ಮೇಲೆ ಶೇ. 10ರ ಜೀವಾವಧಿ ತೆರಿಗೆ ಹಾಕಿತು. ಹೊಸದಾಗಿ ಬಂದ ಆ ಹಣದಲ್ಲಿ ಒಂದು ಚಿಟಿಕೆಯನ್ನು ಅಗ್ನಿಶಾಮಕ ಠಾಣೆಗಳಿಗೆ ಗೊತ್ತುಪಡಿಸಿದ್ದರೆ ಯಾರಿಗೂ ಭಾರವಾಗುತ್ತಿರಲಿಲ್ಲ.

ಹೊರದೇಶಗಳಲ್ಲಿ ಹೇಗೆ?

ದಕ್ಷಿಣ ಕೊರಿಯಾದ ಇಂಚಿಯಾನ್ ನಗರದಲ್ಲಿ 2024ರ ಆಗಸ್ಟ್ 1ರಂದು ಒಂದು ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ನಿಂತಿದ್ದ ವಿದ್ಯುತ್ ಕಾರು ಹೊತ್ತಿಕೊಂಡು ನೂರಕ್ಕೂ ಮಿಕ್ಕಿ ಕಾರುಗಳು ಹಾಳಾದವು. ನೀರು ಸಿಂಪಡಿಸುವ ವ್ಯವಸ್ಥೆ ಇತ್ತು, ಆದರೆ ಅದರ ವಾಲ್ವನ್ನು ಮುಚ್ಚಲಾಗಿತ್ತು. (ಇದು ಎಲ್ಲ ದೇಶದಲ್ಲಿಯೂ ಒಂದೇ ಎಂದು ಕಾಣುತ್ತದೆ.) ಒಂದು ತಿಂಗಳು ಕಳೆಯುವಷ್ಟರಲ್ಲಿ ಅಲ್ಲಿನ ಸರ್ಕಾರ ದೇಶದ ಅಗ್ನಿಶಾಮಕ ಠಾಣೆಗಳಿಗೆ ಮಡಿಸಿ ಒಯ್ಯಬಹುದಾದ ನೀರಿನ ತೊಟ್ಟಿ, ಗಾಡಿಯ ಅಡಿಯಿಂದ ನೀರು ಚಿಮ್ಮುವ ಉಪಕರಣ, ಬೆಂಕಿ ಮುಚ್ಚುವ ಹೊದಿಕೆ ಇವುಗಳನ್ನು ಕೊಡಿಸುವ ಯೋಜನೆ ಪ್ರಕಟಿಸಿತು. ಇಷ್ಟು ಬೇಗ ಹೇಗೆ ಸಾಧ್ಯವಾಯಿತೆಂದರೆ, ಅಲ್ಲಿ ಅಗ್ನಿಶಾಮಕ ಸೇವೆಗೆ ಒಂದು ಖಾಯಂ ಒರತೆ ಇದೆ. 2015ರಿಂದ ಸಿಗರೇಟಿನ ಮೇಲಿನ ಕೇಂದ್ರ ಬಳಕೆ ತೆರಿಗೆಯ ಒಂದು ಪಾಲು ನೇರವಾಗಿ ಸ್ಥಳೀಯ ಅಗ್ನಿಶಾಮಕ ಮತ್ತು ಸುರಕ್ಷತಾ ವೆಚ್ಚಕ್ಕೆ ಹೋಗುತ್ತದೆ. 2020ರಲ್ಲಿ ಆ ಪಾಲು ಶೇ. 45ಕ್ಕೆ ಏರಿತು. ಬೆಂಕಿ ಹಚ್ಚುವ ವಸ್ತುವಿನಿಂದ ಬೆಂಕಿ ಆರಿಸುವ ಹಣ. ನಮ್ಮಲ್ಲಿ ಹೊಗೆಸೊಪ್ಪಿನ ತೆರಿಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಬಹುದಿತ್ತು. ಆದರೆ ಅದರ ಬೆನ್ನಿಗೇ ಅಡಿಕೆಯ ಮೇಲೆ ಯಾಕೆ ಹಾಕಬಾರದೆಂಬ ಪ್ರಶ್ನೆ ಬರುತ್ತದೆಯಾದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಅಮೆರಿಕದಲ್ಲಿ ಹಳ್ಳಿಗಾಡಿನ ಅಗ್ನಿಶಾಮಕ ದಳಗಳಲ್ಲಿ ಬಹುಪಾಲು ಸ್ವಯಂಸೇವಕರದೇ. ರೈತ, ಅಂಗಡಿಯವ, ಶಾಲೆಯ ಮೇಷ್ಟ್ರು ಗಂಟೆ ಬಾರಿಸಿದಾಗ ಓಡಿಬರುತ್ತಾರೆ. ಇಂಥ ದಳಗಳಿಗೆ 2001ರಿಂದ ಅಲ್ಲಿನ ಕೇಂದ್ರ ಸರ್ಕಾರ ನೇರ ಅನುದಾನ ಕೊಡುತ್ತ ಬಂದಿದೆ. ಅದರ ಪಾಲಿನ ನಿಯಮ ನನಗೆ ಮೆಚ್ಚಿಗೆಯಾಯಿತು. ಹತ್ತು ಲಕ್ಷ ಮೀರಿದ ಜನಸಂಖ್ಯೆಯ ಊರು ಶೇ. 15 ಹಾಕಬೇಕು, 20,000 ಮತ್ತು ಅದಕ್ಕೆ ಕಡಿಮೆ ಜನಸಂಖ್ಯೆಯ ಊರು ಶೇ. 5 ಹಾಕಿದರೆ ಸಾಕು. ಸಣ್ಣ ಊರಿನ ಶಕ್ತಿ ಸಣ್ಣದು, ಆದರೆ ಬೆಂಕಿ ಅಲ್ಲಿಯೂ ಅಷ್ಟೇ ದೊಡ್ಡದು ಎಂಬ ತಿಳುವಳಿಕೆ ಆ ನಿಯಮದಲ್ಲಿದೆ. ನಮ್ಮ 5,000 ಕೋಟಿಯ ಯೋಜನೆಯಲ್ಲಿ ಪಾಲಿನ ಲೆಕ್ಕ ರಾಜ್ಯಕ್ಕೆ ಬಂದು ನಿಂತುಬಿಡುತ್ತದೆ. ರಾಜ್ಯದೊಳಗೆ ಬೆಂಗಳೂರಿಗೆಷ್ಟು, ಕೊಪ್ಪ ಸೋಮವಾರಪೇಟೆಗಳಿಗೆಷ್ಟು ಎಂಬುದನ್ನು ರಾಜ್ಯವೇ ತೀರ್ಮಾನಿಸಬೇಕು.

ನ್ಯೂಯಾರ್ಕ್ ನಗರದ ಅನುಭವವೂ ಉಲ್ಲೇಖಾರ್ಹ. ಅಲ್ಲಿ ಊಟ ತಿಂಡಿ ಹೊತ್ತು ತಲುಪಿಸುವ ಬಡ ಹುಡುಗರು ಬ್ಯಾಟರಿ ಸೈಕಲ್ಲುಗಳನ್ನು ಇಕ್ಕಟ್ಟಾದ ಮನೆಗಳ ಒಳಗೇ ಚಾರ್ಜ್ ಮಾಡುತ್ತಿದ್ದರು. 2023ರಲ್ಲಿ ಇಂಥ ಬ್ಯಾಟರಿಗಳ ಬೆಂಕಿಗೆ 18 ಜನ ಬಲಿಯಾದರು. ಅದೇ ವರ್ಷ ಕೇಂದ್ರ ಸಾರಿಗೆ ಇಲಾಖೆ 2.5 ಕೋಟಿ ಡಾಲರ್ ಕೊಟ್ಟು ಸರ್ಕಾರಿ ವಸತಿಗೃಹಗಳ ಹೊರಗೆ ಚಾರ್ಜ್ ಮಾಡುವ ಕಟ್ಟೆಗಳಿಗೆ ವ್ಯವಸ್ಥೆ ಮಾಡಿತು. ಪ್ರಮಾಣಿತವಲ್ಲದ ಬ್ಯಾಟರಿಗಳ ಮಾರಾಟವನ್ನು ನಗರವು ಆ ಸೆಪ್ಟೆಂಬರಿನಿಂದ ನಿಷೇಧಿಸಿತು. ತಿಳುವಳಿಕೆ ಕೊಡುವ ಕೆಲಸಕ್ಕೂ ಹಣ ತೆಗೆದಿಟ್ಟರು. 2024ರಲ್ಲಿ ಸಾವಿನ ಸಂಖ್ಯೆ 6ಕ್ಕೆ ಇಳಿಯಿತು. ಬೆಂಕಿಗಳ ಸಂಖ್ಯೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು ಎಂಬುದು ಗಮನಾರ್ಹ.

ನಮಗೆ ಬೇಕಾದದ್ದು ಏನು?

ಹಣ ಬರುತ್ತದೆ ಎಂದಾಗ ಸಾಮಾನು ಮಾರುವವರೂ ಬರುತ್ತಾರೆ. ಬೆಂಕಿ ಮುಚ್ಚುವ ದೊಡ್ಡ ಹೊದಿಕೆ, ಬ್ಯಾಟರಿಗೆ ತೂತು ಕೊರೆದು ನೀರು ನುಗ್ಗಿಸುವ ಕೊಳವೆ, ಇಡೀ ಕಾರನ್ನು ಮುಳುಗಿಸುವ ತೊಟ್ಟಿ ಹೀಗೆ ಬಗೆಬಗೆಯವು ಪೇಟೆಯಲ್ಲಿವೆ. ಹೊದಿಕೆಯ ಕೆಳಗೆ ಉರಿಯುವ ಅನಿಲ ಸೇರಿ, ಹೊದಿಕೆ ಎತ್ತಿದಾಗ ಭಗ್ಗನೆ ಸಿಡಿಯುವ ಅಪಾಯವಿದೆಯೆಂದು ಪ್ರಯೋಗ ಮಾಡಿದವರೇ ಎಚ್ಚರಿಸಿದ್ದಾರೆ. ಬೆಂಗಳೂರಿನ ನೆಲಮಾಳಿಗೆಗಳಿಗೆ ಇವುಗಳಲ್ಲಿ ಕೆಲವು ಬೇಕಾದೀತು. ನಮ್ಮ ತಾಲ್ಲೂಕು ಠಾಣೆಗೆ ಮೊದಲು ಬೇಕಾದವು ಇವಲ್ಲ.

ಮೊದಲು ಬೇಕಾದದ್ದು ತರಬೇತಿ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ನಾಲ್ಕು ಬೆಂಕಿ ಪ್ರಕರಣಗಳನ್ನು ಕೂಲಂಕಷವಾಗಿ ಪರಿಶೀಲಿಸಿ 2020ರಲ್ಲಿ ಕೊಟ್ಟ ವರದಿಯಲ್ಲಿ, ಹೆಚ್ಚಿನ ತಯಾರಕರು ಅಗ್ನಿಶಾಮಕರಿಗೆಂದು ಕೊಡುವ ಕೈಪಿಡಿಗಳಲ್ಲಿ ಆ ಆ ವಾಹನಕ್ಕೆ ಸಂಬಂಧಿಸಿದ ವಿವರಗಳೇ ಸಾಲದು ಎಂದು ಹೇಳಿತು. ಎಲ್ಲಿ ತಂತಿ ಕತ್ತರಿಸಬೇಕು, ಎಲ್ಲಿ ಕತ್ತರಿಸಬಾರದು, ಸುಟ್ಟ ಬ್ಯಾಟರಿಯಲ್ಲಿ ಇನ್ನೂ ಉಳಿದ ವಿದ್ಯುತ್ತನ್ನು ಏನು ಮಾಡಬೇಕು ಎಂಬುದು ಗೊತ್ತಿಲ್ಲದೆ ಲಕ್ಷ ರೂಪಾಯಿಯ ಉಪಕರಣ ಕೊಟ್ಟರೆ ಅದು ಠಾಣೆಯ ಮೂಲೆಯಲ್ಲಿ ಧೂಳು ಹಿಡಿಯುತ್ತದೆ. ಬೆಂಗಳೂರಿನ ಅಕಾಡೆಮಿಗೆ ಪ್ರತಿ ಠಾಣೆಯಿಂದ ಇಬ್ಬರನ್ನಾದರೂ ಕಳಿಸಿ ಕಲಿಸಲು ಆಗುವ ಖರ್ಚು ಒಂದು ಹೊಸ ವಾಹನದ ಬೆಲೆಯ ಮುಂದೆ ಏನೂ ಅಲ್ಲ. ಎರಡನೆಯದು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಉಸಿರಾಡುವ ಉಪಕರಣ, ಪ್ರತಿಯೊಬ್ಬರಿಗೂ ಒಂದು, ಸಿಲಿಂಡರುಗಳನ್ನು ಮತ್ತೆ ತುಂಬುವ ಯಂತ್ರ ಸಹಿತ. ವೆಲ್ಲೂರು, ಸಿಕಂದರಾಬಾದುಗಳಲ್ಲಿ ಕೊಂದದ್ದು ಹೊಗೆ ಎಂಬುದನ್ನು ಮರೆಯುವಂತಿಲ್ಲ. ಮೂರನೆಯದು ನೀರು.

ನೀರಿನ ವಿಚಾರದಲ್ಲಿ ಮಾತ್ರ ನಾವು ಸರ್ಕಾರದ ಮುಂದೆ ಬರಿಗೈಯಲ್ಲಿ ನಿಂತವರಲ್ಲ. ನಮ್ಮಲ್ಲಿ ಅನೇಕರ ತೋಟಗಳಲ್ಲಿ ಕೆರೆಗಳಿವೆ, ಕೆರೆಯ ದಡದಲ್ಲಿ ಡೀಸೆಲ್ ಪಂಪ್‌ಸೆಟ್ ಇದೆ, ನೂರಾರು ಅಡಿ ಸ್ಪ್ರಿಂಕ್ಲರ್ ಪೈಪಿದೆ. ಹೂಮಳೆಯ ಎರಡು ವಾರ ಬಿಟ್ಟರೆ ವರ್ಷದ ಬಹುಕಾಲ ಅವು ಶೆಡ್ಡಿನಲ್ಲಿ ಮಲಗಿರುತ್ತವೆ. ಅಗ್ನಿಶಾಮಕ ವಾಹನಕ್ಕೆ ಇಪ್ಪತ್ತನಾಲ್ಕು ಸಲ ಪೇಟೆಗೆ ಹೋಗಿಬರುವುದಕ್ಕಿಂತ ಹತ್ತಿರದ ಕೆರೆಯಿಂದ ನೀರು ತುಂಬಿಸಿಕೊಳ್ಳುವುದು ಲೇಸಲ್ಲವೆ? ಇದಕ್ಕಿರುವ ಅಡ್ಡಿ ಬಹಳ ಸಣ್ಣದು. ಅಗ್ನಿಶಾಮಕ ದಳದ ಕೊಳವೆಗಳ ಜೋಡಣೆ 63 ಮಿಲಿಮೀಟರಿನ ಒಂದು ಬಗೆಯದು. ನಮ್ಮ ಸ್ಪ್ರಿಂಕ್ಲರ್ ಪೈಪುಗಳು 63, 75, 90 ಮಿಲಿಮೀಟರಿನವಾದರೂ ಅವುಗಳ ಕೊಂಡಿ ಬೇರೆ ಬಗೆಯದು. 63ಕ್ಕೆ 63 ಎಂದು ಹೊಂದಿಸಲು ಹೋದರೂ ಕೂರುವುದಿಲ್ಲ. ನಡುವೆ ಒಂದು ಜೋಡಣೆಯ ತುಂಡು ಬೇಕು. ಒಳ್ಳೆಯ ಲೇತ್ ಕೆಲಸಗಾರನಿಗೆ ಅದು ಅರ್ಧ ದಿನದ ಕೆಲಸ. ಐದು ಸಾವಿರ ಕೋಟಿಯ ಯೋಜನೆಯ ಯಾವ ಪುಟದಲ್ಲಿಯೂ ಈ ತುಂಡು ಬರಲಾರದು. ಏಕೆಂದರೆ ತೋಟದ ಕೆರೆಯ ಕಥೆ ಅದನ್ನು ಬರೆದವರಿಗೆ ಗೊತ್ತಿರಲಾರದು. ಸಂಘದ ಲಾಭ ವಿಲೇವಾರಿಯಲ್ಲಿ ಸಾರ್ವಜನಿಕ ಹಿತಕ್ಕೆಂದು ತೆಗೆದಿಡುವ ಹಣದಲ್ಲಿ ಇಂಥ ಹತ್ತು ತುಂಡುಗಳನ್ನು ಮಾಡಿಸಿ ಠಾಣೆಗೆ ಕೊಡಬೇಕೆಂಬ ಸೂಚನೆಯನ್ನು ಆಡಳಿತ ಮಂಡಳಿಯ ಮುಂದಿಟ್ಟಿದ್ದೇನೆ.

ನೀರು ಕೊಡುವುದು ನಮ್ಮ ಕೆಲಸ. ಬೆಂಕಿಯ ಹತ್ತಿರ ಹೋಗುವುದು ತರಬೇತಾದವರ ಕೆಲಸ. ಕಾರಾಗಲಿ ಬಸ್ಸಾಗಲಿ ಹೊತ್ತಿಕೊಂಡರೆ ಜನರನ್ನು ಇಳಿಸಿ, ಗಾಳಿಗೆ ಎದುರಾಗಿ ದೂರ ಸರಿದು 101 ಅಥವಾ 112ಕ್ಕೆ ದೂರವಾಣಿ ಮಾಡಬೇಕು. ಇದು ಬ್ಯಾಟರಿ ಗಾಡಿ ಎಂದು ಮೊದಲ ಮಾತಿನಲ್ಲಿಯೇ ಹೇಳಬೇಕು. ಬೆಂಕಿಗೆ ಹಾಯಿಸಿದ ನೀರು ಕೆರೆಗೋ ಹಳ್ಳಕ್ಕೋ ಹರಿಯದಂತೆ ಮಣ್ಣಿನ ಏರಿ ಕಟ್ಟಿಕೊಳ್ಳುವುದು ಒಳ್ಳೆಯದು, ಅದರಲ್ಲಿ ಬ್ಯಾಟರಿಯ ವಿಷ ಬೆರೆತಿರುತ್ತದೆ. ಸ್ಕೂಟರನ್ನು ಗೋಣಿಚೀಲ, ಅಡಿಕೆ ಸಿಪ್ಪೆ, ಒಣಗಿದ ಚೆರ್ರಿ ತುಂಬಿದ ಗೋದಾಮಿನಲ್ಲಿಯಾಗಲಿ, ಮಲಗುವ ಕೋಣೆಯ ಬಾಗಿಲಲ್ಲಿಯಾಗಲಿ ಚಾರ್ಜಿಗೆ ಹಾಕಬಾರದೆಂದು ಇಷ್ಟು ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ.

ತಾಲ್ಲೂಕು ಅಗ್ನಿಶಾಮಕ ಠಾಣೆಗೆ ತರಬೇತಿ ಮತ್ತು ಉಸಿರಾಟದ ಉಪಕರಣಗಳನ್ನು ಒದಗಿಸಬೇಕೆಂಬ ಮನವಿಯನ್ನು ಗೃಹ ಇಲಾಖೆಗೂ, ಜಿಲ್ಲಾಧಿಕಾರಿಯವರಿಗೂ, ನಮ್ಮ ಶಾಸಕರಿಗೂ ಕಳಿಸಲು ಸಿದ್ಧಪಡಿಸಲಾಗಿದೆ. ಬರಿಯ ಬೇಡಿಕೆ ಕಳಿಸುವುದಕ್ಕಿಂತ ಅದರ ಜೊತೆಗೆ ನಾವು ಕೊಡಬಲ್ಲ ನೀರಿನ ಪಟ್ಟಿಯನ್ನೂ ಲಗತ್ತಿಸಿದರೆ ಮನವಿಗೆ ತೂಕ ಬರುತ್ತದೆ. ಅದಕ್ಕಾಗಿ ಸಂಘದ ಕಛೇರಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಕೆರೆಯುಳ್ಳ ಸದಸ್ಯರು ಗೊಬ್ಬರಕ್ಕೆಂದು ಬಂದಾಗ ತಮ್ಮ ಹೆಸರು, ಬೇಸಿಗೆಯ ಕೊನೆಯಲ್ಲಿ ಕೆರೆಯಲ್ಲಿ ಉಳಿಯುವ ನೀರಿನ ಅಂದಾಜು, ಲಾರಿ ಬರಬಹುದಾದ ರಸ್ತೆಯಿಂದ ಕೆರೆಗೆ ಎಷ್ಟು ಅಡಿ, ಪಂಪು ಡೀಸೆಲ್ಲಿನದೋ ಕರೆಂಟಿನದೋ, ಎಷ್ಟು ಅಶ್ವಶಕ್ತಿ, ಪೈಪಿನ ಅಳತೆ ಎಷ್ಟು ಎಂಬುದನ್ನು ಬರೆಸಬೇಕು. ಕರೆಂಟಿನ ಪಂಪಿರುವವರು ಅದನ್ನು ಸ್ಪಷ್ಟವಾಗಿ ನಮೂದಿಸಿರಿ. ಬೆಂಕಿಯ ಹೊತ್ತಿನಲ್ಲಿ ಲೈನು ತೆಗೆಯುವ ಸಂಭವವಿದೆ. ಪಟ್ಟಿಯನ್ನು ಮುಂದಿನ ಆಡಳಿತ ಮಂಡಳಿ ಸಭೆಗೆ ಒಂದು ವಾರ ಮೊದಲು ಮುಕ್ತಾಯಗೊಳಿಸಲಾಗುವುದು.

— ಕಾರ್ಯದರ್ಶಿ